ಅತಿಥಿಯೊಡನೆ ಕೇಳುವ ಪ್ರಶ್ನೆ

ಅಮೆರಿಕದ ಒಂದು ವಿಶ್ವವಿದ್ಯಾಲಯದ ಕೋಣೆಯನ್ನು ಊಹಿಸಿಕೊಳ್ಳಿ. ಮೇಜಿನ ಒಂದು ಬದಿಯಲ್ಲಿ ಚೀನಾದಿಂದ ಎರಡು ವಾರಗಳ ಮಟ್ಟಿಗೆ ಬಂದ ವಿದ್ಯಾರ್ಥಿಗಳು, ಎದುರಿನಲ್ಲಿ ಅಮೆರಿಕದ ವಿದ್ಯಾರ್ಥಿಗಳು. ಚಹಾ ಆಗಿದೆ, ಊರು ಮನೆಗಳ ಮಾತು ಮುಗಿದಿದೆ. ಆಗ ಅಮೆರಿಕದ ಹುಡುಗನೊಬ್ಬ ಕೇಳುತ್ತಾನೆ: “ಶಿಂಜಿಯಾಂಗ್‌ನ ಉಯ್ಘರ್ ಮುಸ್ಲಿಮರೊಂದಿಗೆ ನಿಮ್ಮ ಸರಕಾರ ವರ್ತಿಸುವ ರೀತಿ ಸರಿಯೇ?” ಚೀನೀ ಹುಡುಗ ತಲೆ ತಗ್ಗಿಸುತ್ತಾನೆ. ಏನೂ ಹೇಳುವುದಿಲ್ಲ.

ಈ ಮೌನವನ್ನು ನೀವು ಹೇಗೆ ಅರ್ಥೈಸುವಿರಿ? ಪ್ರಶ್ನೆಯಂತೂ ನಮ್ಮ ಎದೆಗೆ ಹತ್ತಿರವಾದುದು. ಅಲ್ಲಿ ನಡೆದಿರುವುದು ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ 2022ರ ಆಗಸ್ಟ್ 31ರಂದು ವರದಿ ಮಾಡಿತು. ಚೀನಾ ಅದನ್ನು ಅಲ್ಲಗಳೆಯಿತು. ಹೀಗಿರುವಾಗ ತಲೆ ತಗ್ಗಿಸಿದವನೂ ಆ ಅನ್ಯಾಯದಲ್ಲಿ ಪಾಲುದಾರನೆಂದು ತೀರ್ಪು ಕೊಡಲು ನಮಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಾನೂ ಹಾಗೆ ತೀರ್ಪು ಕೊಟ್ಟವನೇ.

ಆದರೆ ಸ್ವಲ್ಪ ತಾಳಿ. 2008ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಟಿಬೆಟಿನ ಪರ ಒಂದು ಗುಂಪು, ಚೀನಾದ ಪರ ಇನ್ನೊಂದು ಗುಂಪು ಎದುರುಬದುರಾಗಿ ನಿಂತಿದ್ದವು. ಚೀನೀ ವಿದ್ಯಾರ್ಥಿನಿಯೊಬ್ಬಳು ನಡುವೆ ಹೋಗಿ, ಇಬ್ಬರೂ ಕೂತು ಮಾತಾಡಿ ಎಂದಳು. ಅಷ್ಟೇ ಅವಳ ತಪ್ಪು. ಅವಳ ವಿವರಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಹಾಕಲಾಯಿತು, ದೇಶದ್ರೋಹಿ ಎಂದು ಜರೆಯಲಾಯಿತು. ಊರಿನಲ್ಲಿದ್ದ ತಂದೆತಾಯಿ ಮನೆ ಬಿಟ್ಟು ಅಡಗಿಕೊಳ್ಳಬೇಕಾಯಿತು. ಮಾತಾಡಿದ್ದು ಮಗಳು, ಬೆಲೆ ತೆತ್ತದ್ದು ಮನೆಯವರು.

ಈಗ ಅದೇ ಕೋಣೆಯಲ್ಲಿ ಪ್ರಶ್ನೆಯನ್ನು ತಿರುಗಿಸಿ ನೋಡಿ. 2003ರಲ್ಲಿ ನೀವು ಇರಾಕಿನ ಮೇಲೆ ದಾಳಿ ಮಾಡಿದ್ದು ಸರಿಯೇ ಎಂದು ಚೀನೀ ಹುಡುಗ ಕೇಳಲಿ. ಅಮೆರಿಕದ ಹುಡುಗ ಸರಾಗವಾಗಿ ಹೇಳಬಲ್ಲ: “ತಪ್ಪು. ಹೇಳಿದ ಅಸ್ತ್ರಗಳು ಅಲ್ಲಿ ಸಿಗಲೇ ಇಲ್ಲ.” ಇಷ್ಟಕ್ಕೆ ಅವನ ತಂದೆಯ ಮನೆಯ ಬಾಗಿಲನ್ನು ಯಾರೂ ಬಡಿಯುವುದಿಲ್ಲ. ಎರಡು ಪ್ರಶ್ನೆಗಳೂ ತೂಕದಲ್ಲಿ ಸಮಾನವೆಂದು ಕಾಣುತ್ತವೆ. ಉತ್ತರ ಹೊರಬೇಕಾದ ಹೆಗಲುಗಳು ಸಮಾನವಲ್ಲ. ಸಾಲದ್ದಕ್ಕೆ ಅವರ ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಪರಭಾಷೆಯಲ್ಲಿ ಎಚ್ಚರಿಕೆಯ ಮಾತಾಡುವ ಕಷ್ಟ ನಮಗೆ ಗೊತ್ತಿಲ್ಲದ್ದೇ?

ಹಾಗಾದರೆ ಕೇಳಲೇಬಾರದೇ? ಮಹಾಗೋಡೆ ತೋರಿಸಿ, ಊಟ ಹಾಕಿ, ಫೋಟೋ ತೆಗೆದು ಕಳುಹಿಸಿಬಿಟ್ಟರೆ ಸಾಕೇ? ಅದನ್ನೂ ನಾನು ಒಪ್ಪಲಾರೆ. ಅದು ಅತಿಥಿಯನ್ನು ಚಿಕ್ಕ ಮಗುವೆಂದು ಎಣಿಸಿದ ಹಾಗೆ. 2001ರ ಏಪ್ರಿಲ್ 1ರಂದು ಹೈನಾನ್ ದ್ವೀಪದ ಬಳಿ ಅಮೆರಿಕದ ಬೇಹುಗಾರಿಕಾ ವಿಮಾನವೂ ಚೀನಾದ ಯುದ್ಧವಿಮಾನವೂ ಢಿಕ್ಕಿಯಾದವು. ಚೀನೀ ಪೈಲಟ್ ಸತ್ತ. ಅಮೆರಿಕದ 24 ಮಂದಿ 11 ದಿನ ಚೀನಾದ ವಶದಲ್ಲಿದ್ದರು. ಎರಡೂ ಕಡೆ ಜನ ಕುದಿಯುತ್ತಿದ್ದ ಆ ವರ್ಷವೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎರಡೂ ದೇಶಗಳ ಯುವಕರನ್ನು ಕೂರಿಸಿ ಮಾತಾಡಿಸುವ ವೇದಿಕೆಯೊಂದನ್ನು ಆರಂಭಿಸಿದರು. ಹಿತವಾದ ಮಾತನ್ನಷ್ಟೇ ಆಡಲು ಯಾರೂ ಅಂತಹ ಹೊತ್ತಿನಲ್ಲಿ ಸೇರುವುದಿಲ್ಲ.

ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿಸುವಾಗ ‘ತಆರುಫ್’ ಎಂಬ ಪದ ಬರುತ್ತದೆ. ಪರಸ್ಪರ ಪರಿಚಯ ಮಾಡಿಕೊಳ್ಳುವುದು ಎಂದರ್ಥ. ಜನಾಂಗ, ಗೋತ್ರಗಳ ಭಿನ್ನತೆಗೆ ಪವಿತ್ರ ಕುರ್‌ಆನ್ ಕೊಡುವ ಕಾರಣವೂ ಇದೇ ಧಾತುವಿನ ಇದೇ ರೂಪದಲ್ಲಿದೆ. ಇದು ಒಬ್ಬನೇ ಮಾಡಬಹುದಾದ ಕ್ರಿಯೆಯಲ್ಲ, ಇಬ್ಬರೂ ಕರ್ತೃಗಳಾಗಬೇಕು ಎಂದು ಹೇಳಿದರೆ ಮಕ್ಕಳು ನಗುತ್ತಾರೆ. ವಿಚಾರಣೆಯಲ್ಲಾದರೋ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಕಟಕಟೆಯಲ್ಲಿ ನಿಲ್ಲುತ್ತಾನೆ. ಹತ್ತು ಜನರ ಎದುರು ಕೇಳಿದ ಆ ಪ್ರಶ್ನೆ ವಿಚಾರಣೆಯಾಗಿತ್ತು. ಅದನ್ನೇ ಹಾಸ್ಟೆಲಿಗೆ ನಡೆದು ಹೋಗುವ ದಾರಿಯಲ್ಲಿ, ತನ್ನ ದೇಶದ ತಪ್ಪನ್ನು ಮೊದಲು ಹೇಳಿಕೊಂಡು, ಬಂದ ಉತ್ತರವನ್ನು ಅಮಾನತ್ತಾಗಿ ಇಟ್ಟುಕೊಳ್ಳುವ ಮನಸ್ಸಿನಿಂದ ಕೇಳಬಹುದಿತ್ತು. ಆಗಲೂ ಉತ್ತರ ಬಾರದಿದ್ದರೆ ಸುಮ್ಮನೆ ಜೊತೆಗೆ ನಡೆಯಬಹುದಿತ್ತು.

ಈಗ ಅಂತಹ ದಾರಿಗಳೇ ಕಡಿಮೆಯಾಗಿವೆ. 2018-19ರಲ್ಲಿ 11 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಚೀನಾದಲ್ಲಿ ಕಲಿಯುತ್ತಿದ್ದರು. ಕೊರೋನಾದ ಬಳಿಕ, 2021-22ರಲ್ಲಿ, ಉಳಿದವರು ಕೇವಲ 211. ಐದು ವರ್ಷಗಳಲ್ಲಿ 50 ಸಾವಿರ ಅಮೆರಿಕನ್ ಯುವಕರನ್ನು ಆಹ್ವಾನಿಸುವುದಾಗಿ 2023ರ ನವೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಹೇಳಿದರು. ಅತ್ತ ಅಮೆರಿಕದಲ್ಲಿ 2023-24ರಲ್ಲಿ 2,77,398 ಚೀನೀ ವಿದ್ಯಾರ್ಥಿಗಳಿದ್ದರು. ಅವರಿಗಿಂತಲೂ ಹೆಚ್ಚಿದ್ದವರು ಭಾರತದ ಮಕ್ಕಳು, 3,31,602 ಮಂದಿ. ನಮ್ಮ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ.

ನಾಳೆ ನಿಮ್ಮ ಮಗ ಅಲ್ಲಿಂದ ಫೋನ್ ಮಾಡಿ, “ಉಮ್ಮಾ, ನನ್ನ ಕೋಣೆಯಲ್ಲಿ ಒಬ್ಬ ಚೀನೀ ಹುಡುಗನಿದ್ದಾನೆ” ಎಂದು ಹೇಳಬಹುದು. ಉಯ್ಘರರ ವಿಷಯ ಕೇಳಿದೆಯಾ ಎನ್ನುವ ಮೊದಲು, ಅವನ ಊರು ಯಾವುದು, ಅವನ ತಾಯಿ ಹೇಗಿದ್ದಾರೆ ಎಂದು ವಿಚಾರಿಸಿದೆಯಾ ಎಂದು ಕೇಳಿ.