ಕಲೆ ಕಾಯಕವಾದಾಗ

ನೊಂದ ಹರೆಯವು ತಾನಾಗಿ ಹಿರಿಯರ ಬಳಿಗೆ ಬಂದು ತನ್ನ ದುಃಖವನ್ನು ತೋಡಿಕೊಳ್ಳುವುದು ಅಪರೂಪ. ಅದು ಮೂಕವಾಗುತ್ತದೆ, ಇಲ್ಲವೆ ಸಿಡಿದೇಳುತ್ತದೆ, ಇಲ್ಲವೆ ಮನೆಮಠಗಳ ಹಂಗು ತೊರೆದು ಅಲೆಯುತ್ತದೆ. ಇಂತಹ ಮಗನು ತಂಬೂರಿಯನ್ನೋ ತಬಲವನ್ನೋ ಹಿಡಿದು ಕುಳಿತರೆ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಹಾಡಿನಿಂದ ಹೊಟ್ಟೆ ತುಂಬದು, ಇದು ಕೆಡುವ ದಾರಿ ಎಂದು ಒಬ್ಬರು ಗದರುತ್ತಾರೆ. ಹೇಗಾದರೂ ಮನಸ್ಸು ಹಗುರವಾದರೆ ಸಾಕು ಎಂದು ಇನ್ನೊಬ್ಬರು ಸುಮ್ಮನಾಗುತ್ತಾರೆ. ಈ ಎರಡು ಮಾತುಗಳೂ ಮೂಲಪ್ರಶ್ನೆಯನ್ನು ಮುಟ್ಟುವುದಿಲ್ಲ. ಕಲೆಯು ನೊಂದ ಜೀವವನ್ನು ಉದ್ಧರಿಸಬಲ್ಲುದೆ? ಉದ್ಧರಿಸುವುದಾದರೆ ಯಾವ ಬಲದಿಂದ?

ಈ ಪ್ರಶ್ನೆಗೆ ಶರಣಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನು ಮಾಯೆಗೆ ಸೋಲದ ನಿರ್ಲಿಪ್ತನು, ಹರಿಹರನ ರಗಳೆಯಲ್ಲಿ ಅವನು ನೊಂದು ಬೆಂದ ತರುಣನು. ಬಳ್ಳಿಗಾವೆಯ ಆ ಅಲ್ಲಮನು ಮದ್ದಳೆಯಲ್ಲಿ ಪ್ರವೀಣನಾಗಿದ್ದನು, ಕಾಮಲತೆಯಲ್ಲಿ ಅನುರಕ್ತನಾಗಿದ್ದನು. ಜ್ವರ ಬಂದು ಆಕೆ ತೀರಿಹೋದಾಗ ಅವನು ಮರುಳನಂತೆ ಅಲೆಯತೊಡಗಿದನು. ಆ ದಿನ ಅವನ ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ, ಕೈಬೆರಳುಗಳಲ್ಲಿಯೇ ಇದ್ದಿತು. ಆದರೂ ಅದು ಅವನನ್ನು ಕಾಯಲಿಲ್ಲ. ಅದುವರೆಗೆ ಆ ವಿದ್ಯೆ ಒಲವಿನ ಸುಖಕ್ಕೆ ಕಟ್ಟುಬಿದ್ದಿತ್ತು. ಆ ಒಲವಿನ ನೆಲೆ ಕುಸಿದೊಡನೆ ಮದ್ದಳೆಯೂ ಮೂಕವಾಯಿತು. ಮುಂದೆ ನೆಲದಲ್ಲಿ ಹುದುಗಿದ್ದ ಗುಡಿಯ ಕಳಶವನ್ನು ಕಂಡು, ಅದನ್ನು ಅಗೆಸಿ ಒಳಹೊಕ್ಕು, ಅನಿಮಿಷಯ್ಯನ ಕರಸ್ಥಲದ ಲಿಂಗವನ್ನು ಪಡೆದ ಬಳಿಕವೇ ಅವನ ಅಲೆದಾಟಕ್ಕೆ ಅರ್ಥ ದೊರೆಯಿತು. ಲಯವನ್ನರಿತ ಆ ಚೇತನವೇ ಅನಂತರ ವಚನಗಳಲ್ಲಿ ನುಡಿಯಿತು. ಆದುದರಿಂದ ಕಲೆಯು ವ್ಯರ್ಥವೆಂದು ಈ ಕಥೆ ಹೇಳುವುದಿಲ್ಲ. ಅರ್ಪಣೆಯಿಲ್ಲದ ಕಲೆಗೆ ಆಸರೆಯಾಗುವ ಶಕ್ತಿಯಿಲ್ಲವೆಂದು ಮಾತ್ರ ಹೇಳುತ್ತದೆ.

ಬಸವಣ್ಣನವರು ತಮ್ಮ ದೇಹವೇ ವೀಣೆಯಾಗಲಿ, ಅದನ್ನು ನುಡಿಸುವವನು ಕೂಡಲಸಂಗಮದೇವನಾಗಲಿ ಎಂದು ಬೇಡಿಕೊಂಡುದರ ಮರ್ಮವೂ ಇದೇ. ನುಡಿಸುವವನು ತಾನೆಂಬ ಭಾವವಿರುವವರೆಗೆ ಹೊಗಳಿಕೆ ಬೇಕು. ಹೊಗಳಿಕೆ ತಪ್ಪಿದ ದಿನ ಹಳೆಯ ನೋವು ಮತ್ತೆ ಹೆಡೆಯೆತ್ತುತ್ತದೆ. ತಾನು ವಾದ್ಯವೆಂದು ತಿಳಿದವನಿಗೆ ಶ್ರುತಿಗೂಡಿಸಿಕೊಳ್ಳುವ ಹೊಣೆಯೊಂದೇ ಉಳಿಯುತ್ತದೆ.

ಈ ತತ್ತ್ವವು ಬದುಕಿನಲ್ಲಿ ಮೈದಳೆದುದನ್ನು ಸಮೀಪದ ಕಾಲದಲ್ಲಿಯೇ ಕಾಣಬಹುದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಅಂದಿನ ಹಳ್ಳಿಯಲ್ಲಿ ಇಂತಹ ಮಕ್ಕಳಿಗೆ ಇದ್ದುದು ಮನೆಯವರ ಮರುಕ, ಅದು ತೀರಿದರೆ ಪರರ ಭಿಕ್ಷೆ. ಹಾನಗಲ್ಲ ಕುಮಾರ ಶಿವಯೋಗಿಗಳು ಈ ಬಾಲಕರ ಕಂಠವನ್ನು ಕೇಳಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅವರು ಕೊಟ್ಟುದು ಬರಿಯ ಅನ್ನವಲ್ಲ, ಬರಿಯ ಕನಿಕರವೂ ಅಲ್ಲ. ಗುರುವಿನ ಬಳಿ ಕುಳಿತು ವರ್ಷಗಟ್ಟಲೆ ದುಡಿಯುವ ಶಿಕ್ಷಣವನ್ನು ಕೊಟ್ಟರು. ಗದಿಗೆಯ್ಯನು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತಿ ಪಡೆದು ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪರಿಚಿತರಾದರು.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಒಬ್ಬ ಕಲಾವಿದನ ಏಳಿಗೆಯ ಕಥೆಯಾಗುತ್ತಿತ್ತು, ಉದ್ಧಾರದ ಕಥೆಯಾಗುತ್ತಿರಲಿಲ್ಲ. ಗವಾಯಿಗಳು ತಮಗೆ ದೊರೆತುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸುತ್ತಿ ವಿದ್ಯೆಯನ್ನು ಧಾರೆಯೆರೆದರು. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ದಾಸೋಹದ ನೆಲೆಯಾಯಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತವರು ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ೧೯೧೪ರಲ್ಲಿ ಜನಿಸಿ ೨೦೧೦ರವರೆಗೆ ಬಾಳಿದ ಅವರು ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ನಾಟಕ ಕಂಪನಿಯ ಗಳಿಕೆಯನ್ನು ಆಶ್ರಮದ ಮಕ್ಕಳ ಅನ್ನಕ್ಕೆ ಸಲ್ಲಿಸಿದರು. ಹೀಗೆ ಒಬ್ಬ ಅಂಧನು ಮತ್ತೊಬ್ಬ ಅಂಧನಿಗೆ ದಾರಿ ತೋರಿದನು.

ಇದರಿಂದ ಅವರಿಗೆ ಕಣ್ಣು ಬಂದಿತೆ ಎಂದು ಕೇಳಬಹುದು. ಬರಲಿಲ್ಲ. ಉದ್ಧಾರವೆಂದರೆ ಕೊರತೆ ಅಳಿಯುವುದಲ್ಲ. ಕೊರತೆಯುಳ್ಳವನು ತಾನು ಭೂಮಿಗೆ ಭಾರವೆಂಬ ಭಾವದಿಂದ ಬಿಡುಗಡೆ ಹೊಂದುವುದು. ಪಡೆಯುವ ಕೈ ಕೊಡುವ ಕೈಯಾದ ಕ್ಷಣದಲ್ಲಿ ಆ ಬಿಡುಗಡೆ ಉಂಟಾಗುತ್ತದೆ. ದುಡಿಮೆಯು ಸತ್ಯಶುದ್ಧವಾಗಿ, ಅದರ ಫಲವು ಜಂಗಮಕ್ಕೆ ಸಂದಾಗ ಕಾಯಕವೆನಿಸುವಂತೆ, ಸಾಧನೆಯು ನಿಷ್ಠೆಯಿಂದ ನಡೆದು ಅದರ ಫಲವು ಪರರಿಗೆ ಸಂದಾಗ ಕಲೆಯೂ ಕಾಯಕವಾಗುತ್ತದೆ.

ಕುಮಾರ ಶಿವಯೋಗಿಗಳಂತಹ ಗುರು ಎಲ್ಲರಿಗೂ ದೊರೆಯುವರೆ ಎಂಬ ಶಂಕೆ ಸಹಜವೇ. ಆದರೆ ಅವರು ಮಾಡಿದ ಕಾರ್ಯದ ಒಂದಂಶವು ಪ್ರತಿಯೊಬ್ಬ ಗೃಹಸ್ಥನ ಅಳವಿನಲ್ಲಿದೆ. ಅವರು ಆ ಬಾಲಕರಲ್ಲಿ ಇಲ್ಲದ ಕಣ್ಣನ್ನು ನೋಡಲಿಲ್ಲ, ಇದ್ದ ಕಂಠವನ್ನು ಕೇಳಿದರು. ದಾರಿತಪ್ಪಿದನೆಂದು ಎಲ್ಲರೂ ಎಣಿಸುವ ಮಗನಲ್ಲಿಯೂ ಕೇಳತಕ್ಕದ್ದೊಂದು ಇರುತ್ತದೆ. ಅದನ್ನು ಕೇಳುವುದು ತಂದೆತಾಯಿಗಳ ಮೊದಲ ಧರ್ಮ. ಕೇಳಿದ ಮೇಲೆ ಬರಿಯ ಹೊಗಳಿಕೆಯಲ್ಲಿ ನಿಲ್ಲದೆ ಅವನನ್ನು ಒಳ್ಳೆಯ ಗುರುವಿನ ಬಳಿ ಕೂಡಿಸುವುದು ಎರಡನೆಯದು. ಕಲಿತುದರಲ್ಲಿ ಒಂದಿಷ್ಟನ್ನು ನೆರೆಮನೆಯ ಮಗುವಿಗೆ ಕಲಿಸೆಂದು ಪ್ರೇರೇಪಿಸುವುದು ಮೂರನೆಯದು. ಮೊದಲೆರಡರಿಂದ ಅವನು ಕಲಾವಿದನಾದಾನು. ಮೂರನೆಯದರಿಂದ ಶರಣರ ಹಾದಿಯಲ್ಲಿ ಹೆಜ್ಜೆಯಿಟ್ಟಾನು.