ಯಾವುದು ಫೇರ್?

ಮೈಸೂರಿನ ಮದುವೆ ಮಾತುಕತೆಗಳಲ್ಲಿ ಓದು, ಉದ್ಯೋಗ, ಮನೆತನದ ಜೊತೆಗೆ ‘ಹುಡುಗಿ ಫೇರ್ ಇದ್ದಾಳಾ?’ ಎಂಬ ಪ್ರಶ್ನೆಯೂ ತಪ್ಪುವುದಿಲ್ಲ. ಫೇರ್ ಎಂಬ ಇಂಗ್ಲಿಷ್ ಪದಕ್ಕೆ ಬೆಳ್ಳಗಿರುವುದು, ನ್ಯಾಯವಾದದ್ದು ಎಂಬ ಎರಡರ್ಥಗಳಿವೆ. ನಮ್ಮ ನಡುಮನೆಗಳಲ್ಲಿ ಮೊದಲನೆಯದಕ್ಕೇ ಬೆಲೆ. ಎಣ್ಣೆಗೆಂಪು, ಗೋಧಿ ಬಣ್ಣ, ನಸುಗಪ್ಪು ಎಂದು ಬಗೆಬಗೆಯ ಮೈಬಣ್ಣಗಳಿಗೆ ಕನ್ನಡದಲ್ಲಿ ಹೆಸರಿದೆ. ಫೇರ್ ಬಂದ ಮೇಲೆ ಉಳಿದದ್ದು ಪಾಸು, ಫೇಲು ಎರಡೇ.

1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು, ಅಮೆರಿಕದಲ್ಲಿ ಕಪ್ಪು ಜನರ ಚಳವಳಿ ಭುಗಿಲೆದ್ದ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಮದುವೆ ಜಾಹೀರಾತುಗಳಲ್ಲಿ ಮಾತ್ರ ಹಳೆಯ ಪದ ಇನ್ನೂ ಉಳಿದಿದೆ.

ಪದದ ಎರಡನೆಯ ಅರ್ಥವೂ ಈ ಊರಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಮೈಸೂರು ಸರಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಮುಸ್ಲಿಮರೂ ಸೇರಿದಂತೆ ಬ್ರಾಹ್ಮಣೇತರರಿಗೆ ಸರಕಾರಿ ನೌಕರಿಯಲ್ಲಿ ಪಾಲು ಸಿಗಬೇಕು, ಹುಟ್ಟು ಯಾರ ದಾರಿಗೂ ಅಡ್ಡವಾಗಬಾರದು ಎಂಬುದು ಆ ಪ್ರಯತ್ನದ ತಿರುಳು.

ಮೈಬಣ್ಣವೂ ಹುಟ್ಟಿನಿಂದ ಬಂದದ್ದೇ. ಅದಕ್ಕಾಗಿ ಒಂದು ಹೆಣ್ಣನ್ನು ನಿರಾಕರಿಸುವುದು, ಇಲ್ಲವೇ ಅವಳ ತಂದೆಯಿಂದ ಹೆಚ್ಚು ವರದಕ್ಷಿಣೆ ಕೀಳುವುದು ಯಾವ ನ್ಯಾಯ? ಕಚೇರಿಯಲ್ಲಿ ನಮಗೆ ಬೇಕೆನಿಸುವ ನ್ಯಾಯ, ಹೆಣ್ಣು ನೋಡಲು ಹೋದ ಮನೆಯಲ್ಲೂ ನಮ್ಮಿಂದ ಸಲ್ಲಬೇಕು. ಹುಡುಗಿ ಫೇರ್ ಇದ್ದಾಳಾ ಎಂದು ಕೇಳುವ ಮುನ್ನ, ನಾವು ಫೇರ್ ಇದ್ದೇವಾ ಎಂದು ಕೇಳಿಕೊಳ್ಳೋಣ.