ಮರಗಳ ಹೊಸವರ್ಷ ಮತ್ತು ಬಡವರ ಪಾಲು

ಯಹೂದಿ ಪಂಚಾಂಗದ ಶೆವಾಟ್ ತಿಂಗಳ ಹುಣ್ಣಿಮೆ, ಅಂದರೆ 15ನೆಯ ದಿನ, ಮರಗಳ ಹೊಸವರ್ಷ. ಜನವರಿ-ಫೆಬ್ರವರಿಯಲ್ಲಿ ಬರುವ ಈ ಟು ಬಿಶ್ವಾತ್ ದಿನ ಇಸ್ರೇಲಿನ ಶಾಲೆಯ ಮಕ್ಕಳು ಸಸಿ ನೆಡುತ್ತಾರೆ, ಮನೆಮನೆಯಲ್ಲಿ ಅಂಜೂರ, ಖರ್ಜೂರ, ಬಾದಾಮಿ ತಿನ್ನುತ್ತಾರೆ. ಆದರೆ ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಧರ್ಮಶಾಸ್ತ್ರ ಮಿಷ್ನಾದಲ್ಲಿ ಇದು ಹಬ್ಬವೇ ಅಲ್ಲ. ಅಲ್ಲಿ ವರ್ಷಾರಂಭಗಳು ನಾಲ್ಕು. ಅರಸರ ಆಳ್ವಿಕೆಯನ್ನು ಎಣಿಸಲು ಒಂದು, ದನಕುರಿಗಳ ದಶಮಾಂಶಕ್ಕೆ ಇನ್ನೊಂದು ಇದ್ದಂತೆ ಮರದ ಹಣ್ಣಿನ ದಶಮಾಂಶದ ಲೆಕ್ಕಕ್ಕೂ ಒಂದು. ಅದು ಶೆವಾಟ್ 1 ಎಂದಿತು ಪಂಡಿತರ ಶಮ್ಮಾಯ್ ಪಂಥ, 15 ಎಂದಿತು ಹಿಲ್ಲೆಲ್ ಪಂಥ. ಹಿಲ್ಲೆಲ್ ಪಂಥದ ಮಾತೇ ನಿಂತಿತು. ಅಷ್ಟರಲ್ಲಿ ವರ್ಷದ ಮಳೆಯ ಹೆಚ್ಚಿನ ಪಾಲು ಸುರಿದಿರುತ್ತದೆ ಎಂಬುದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುಡ್ ಕೊಡುವ ಕಾರಣ. ಹಾಗಾದರೆ ಇದು ಬರೀ ತೆರಿಗೆಯ ತಾರೀಖು, ಭಕ್ತಿಯೆಲ್ಲ ಆಮೇಲೆ ಸೇರಿಸಿದ್ದು ಎಂದು ಯಾರಾದರೂ ಹೇಳಬಹುದು. ನನಗನ್ನಿಸುವುದು ಬೇರೆ: ಹಬ್ಬದ ಜೀವ ಇರುವುದೇ ಆ ಲೆಕ್ಕದಲ್ಲಿ.

ಏಳು ವರ್ಷಗಳ ಚಕ್ರದಲ್ಲಿ ರೈತ, ದೇವಾಲಯದ ಸೇವೆಯ ಲೇವಿ ಕುಲದವರ ಪಾಲು ತೆಗೆದ ಮೇಲೆ, ಇನ್ನೊಂದು ದಶಮಾಂಶವನ್ನು ಎತ್ತಿಡಬೇಕಿತ್ತು. ಒಂದು, ಎರಡು, ನಾಲ್ಕು, ಐದನೆಯ ವರ್ಷಗಳಲ್ಲಿ ಅದನ್ನು ಯೆರೂಸಲೇಮಿಗೆ ಒಯ್ದು ಮನೆಯವರೊಂದಿಗೆ ತಾನೇ ಉಣ್ಣಬಹುದು. ಮೂರು ಮತ್ತು ಆರನೆಯ ವರ್ಷಗಳಲ್ಲಿ ಅದು ಬಡವರದು. ಎರಡನೆಯ ವರ್ಷ ಕಳೆದು ಮೂರನೆಯದು ಹಿಡಿಯುವ ಹೊತ್ತಿನ ಒಂದು ತೋಟವನ್ನು ಎಣಿಸಿಕೊಳ್ಳಿ. ಶೆವಾಟ್ 15ಕ್ಕೆ ಮುಂಚೆ ಕಾಯಿಗಟ್ಟಿದ ಬಾದಾಮಿಯ ಆ ಪಾಲು ಒಡೆಯನ ಊಟಕ್ಕೆ. ಆಮೇಲೆ ಕಾಯಿಗಟ್ಟಿದ್ದರ ಪಾಲು ಹಸಿದವನ ಕೈಗೆ. ಎಳೆಯ ಮರದ ವಿಷಯದಲ್ಲೂ ಬೈಬಲಿನ ಯಾಜಕಕಾಂಡ ಹೀಗೇ ಬಿಗಿ: ಮೊದಲ ಮೂರು ವರ್ಷದ ಹಣ್ಣು ಮುಟ್ಟುವಂತಿಲ್ಲ, ನಾಲ್ಕನೆಯದು ದೇವರಿಗೆ, ಐದನೆಯ ವರ್ಷದಿಂದ ತಿನ್ನಬಹುದು. ಮನಸ್ಸು ಕರಗಿದಾಗ ಕೊಡುವ ದಾನ ಒಳ್ಳೆಯದೇ. ಆದರೆ ಬಡವ ಯಾರ ಮನಸ್ಸು ಕರಗಲೆಂದೂ ಕಾಯಬೇಕಿಲ್ಲ, ತಾರೀಖು ಬಂದರೆ ಸಾಕು ಎನ್ನುವ ಧರ್ಮ ಅದಕ್ಕಿಂತ ದೊಡ್ಡದು.

ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಯಿತು, ಜನ ಚದುರಿದರು. ಮುಂದೆ ಸಫೇದ್ ಪಟ್ಟಣದ ಕಬಾಲಾ ಅನುಭಾವದ ಪರಂಪರೆಯಿಂದ, ಬಿಳಿಯಿಂದ ಕೆಂಪಿಗೆ ಸಾಗುವ ನಾಲ್ಕು ಬಟ್ಟಲು ದ್ರಾಕ್ಷಾರಸದೊಂದಿಗೆ ಹಣ್ಣು ತಿನ್ನುವ ವಿಧಿ ಬೆಳೆಯಿತು. ಇಡಿಯಾಗಿ ತಿನ್ನುವ ಹಣ್ಣು, ಒಳಗೆ ಬೀಜವಿರುವುದು, ಹೊರಗೆ ಚಿಪ್ಪಿರುವುದು ಎಂದು ಮೂರು ಬಗೆ, ಒಂದೊಂದಕ್ಕೂ ಕಬಾಲಾ ಹೇಳುವ ಒಂದೊಂದು ಲೋಕ. ಇದು ಹಳೆಯ ಲೆಕ್ಕದಿಂದ ದೂರ ಸರಿದಂತೆ ಕಂಡರೂ ಕೊಂಡಿ ಕಳಚಿಲ್ಲ. ಸ್ತುತಿಸದೆ ಉಣ್ಣುವವನು ದೇವರಿಂದ ಕದ್ದವನಂತೆ ಎಂಬ ತಾಲ್ಮುಡ್‌ನ ವಿಚಾರ ಪ್ರತಿ ಹಣ್ಣಿನ ಮೇಲೂ ಹೇಳುವ ಪ್ರಾರ್ಥನೆಯ ಹಿಂದಿದೆ. ಅಲ್ಲಿಯೂ ಹಣ್ಣು ತಿನ್ನುವವನ ಸ್ವತ್ತಲ್ಲ.

ಇಂದಿನ ಹಬ್ಬದ ತಿರುಳು ಗಿಡ ನೆಡುವುದು, ದಶಮಾಂಶವನ್ನು ಯಾಕೆ ಕೆದಕಬೇಕು ಎಂಬುದು ಇನ್ನೊಂದು ಆಕ್ಷೇಪ. ನೆಡುವ ರೂಢಿ ಹೊಸದು: 1890ರಲ್ಲಿ ಝಿಖ್ರೋನ್ ಯಾಕೋವ್‌ನಲ್ಲಿ ಶಿಕ್ಷಕ ಝೇವ್ ಯಾವೆಟ್ಸ್ ವಿದ್ಯಾರ್ಥಿಗಳಿಂದ ಸಸಿ ನೆಡಿಸಿದರು; ಅದು ಅಲ್ಲಿಂದ ಹಬ್ಬಿತು. ಬೋಳು ಗುಡ್ಡಕ್ಕೆ ನೆರಳು ತಂದ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ 1967ರಲ್ಲಿ ನೆಲಸಮವಾದ ಇಮ್ವಾಸ್, ಯಾಲೊ ಎಂಬ ಪ್ಯಾಲೆಸ್ತೀನಿ ಊರುಗಳ ಜಾಗದಲ್ಲಿ ಇಂದು ಕೆನಡಾ ಪಾರ್ಕಿನ ಮರಗಳಿವೆ. ನೆಡುವುದೊಂದೇ ಪುಣ್ಯವಾದರೆ ಅಲ್ಲಿ ಕೇಳುವುದಕ್ಕೇನೂ ಉಳಿಯುವುದಿಲ್ಲ. ಈ ಪಾಲು ಯಾರದು ಎಂಬ ಹಳೆಯ ಪ್ರಶ್ನೆ ಇಟ್ಟುಕೊಂಡರೆ ಮಾತ್ರ ಈ ನೆಲ ಯಾರದಾಗಿತ್ತು ಎಂದೂ ಕೇಳಬೇಕಾಗುತ್ತದೆ. ಶಾಸ್ತ್ರವೂ ನೆಡುವುದನ್ನು ಕೊನೆಯ ಮಾತೆಂದು ಎಣಿಸಿಲ್ಲ. ಏಳನೆಯ ವರ್ಷದಲ್ಲಿ ಭೂಮಿಗೆ ಬಿಡುವು: ಶಾಸ್ತ್ರ ಪಾಲಿಸುವವರು ಟು ಬಿಶ್ವಾತ್ ಬಂದರೂ ಒಂದು ಸಸಿಯನ್ನೂ ನೆಡುವುದಿಲ್ಲ, ಆ ವರ್ಷ ತಾನಾಗಿ ಬಿಟ್ಟ ಹಣ್ಣನ್ನು ಯಾರು ಬೇಕಾದರೂ ಬಂದು ಕಿತ್ತು ತಿನ್ನಬಹುದು.